ಉಪೇಕ್ಷಾ ತಂದ ಹಾಲನ್ನ

ಸೆಪ್ಟೆಂಬರ್ ೨೩, ಸೋಮವಾರ, ರಾತ್ರಿ

ನನ್ನ ಬಾಯಿಗೆ ಇಡೀ ಮಾತರ ಊರಲ್ಲಿ ಎದುರಿಲ್ಲ. ಇವತ್ತು ಅದೇ ಬಾಯಿ ಕೆಲಸ ಕೆಡಿಸಿತು.

ಲಂಕೆಗೆ ಹೊಸ ಅಧ್ಯಕ್ಷ ಬಂದ ಖುಷಿಗೆ ಪಕ್ಕದ ಮನೆಯಲ್ಲಿರುವ ನನ್ನ ತಂಗಿಯ ಮಗಳು ಉಪೇಕ್ಷಾ ತೆಂಗಿನಹಾಲಲ್ಲಿ ಅಕ್ಕಿ ಬೇಯಿಸಿ, ತುಂಡು ಕತ್ತರಿಸಿ ಹಾಲನ್ನ ಮಾಡಿ ತಂದಳು. ಅವನಿಗಾಗಿ ಮನೆಮನೆ ಸುತ್ತಿ ಓಟು ಕೇಳಿದವಳು. ಮುಖದ ತುಂಬ ನಗು.

"ಮಾಮಾ, ಈ ಸಲ ದೇಶ ಬದಲಾಗುತ್ತೆ, ನೋಡ್ತಿರು."

"ಹೋದ ಸಲದವನು ಗೆದ್ದಾಗ್ಲೂ ಹಾಲನ್ನ ತಿಂದೆ ಕಣೇ. ಆಮೇಲೆ ಗ್ಯಾಸಿಲ್ದೆ ಹಿತ್ತಲ ಬಾಗಿಲನ್ನೇ ಒಡೆದು ಒಲೆಗಿಟ್ಟೆ. ಈಗ ಕಿಟಕಿ ಉಳಿದಿದೆ, ಈ ಸಲ ಅದನ್ನೂ ಒಲೆಗಿಡ್ಲಾ?"

ಜಗಲಿಯಲ್ಲಿದ್ದವರೆಲ್ಲ ನಕ್ಕರು. ನಾನು ಮೀಸೆ ತಿರುವಿದೆ. ಅವಳು ಮಾತ್ರ ನಗಲಿಲ್ಲ.

"ನಂಬಿಕೆ ಇಲ್ದೋನು ಯಾಕೆ ತಿನ್ತೀಯಾ, ಬಿಡು" ಅಂದು ತಟ್ಟೆ ವಾಪಸು ಒಯ್ದಳು.

ನಾನು ಹೇಳಿದ್ದು ಸುಳ್ಳಲ್ಲ. ಹೋದ ಸಲ ಪಟಾಕಿ ಹೊಡೆದವನು ನಾನೇ. ಇನ್ನೊಮ್ಮೆ ಮೋಸ ಹೋಗಲು ಭಯ. ಆದರೆ ಬೆಳಿಗ್ಗೆ ಅವಳ ಮನೆಯಿಂದ ತೆಂಗಿನಹಾಲು ಕುದಿಯುವ ಪರಿಮಳ ಬಂದದ್ದೇ ತಡ, ಒಣಮೆಣಸು ಈರುಳ್ಳಿ ಅರೆದು ಹಾಲನ್ನಕ್ಕೆಂದು ಚಟ್ನಿ ಮಾಡಿಟ್ಟವನೂ ನಾನೇ. ಅದನ್ನು ಅವಳು ನೋಡಲಿಲ್ಲ.

ಚಟ್ನಿ ಇನ್ನೂ ಒಲೆಯ ಪಕ್ಕ ಮುಚ್ಚಿಟ್ಟಲ್ಲೇ ಇದೆ. ಬೆಳಿಗ್ಗೆ ಒಯ್ದು ಅವಳ ಬಾಗಿಲು ತಟ್ಟಿದರೆ ಹಾಲನ್ನದ ಒಂದು ತುಂಡಾದರೂ ಉಳಿದಿರುತ್ತದೋ ಏನೋ. ಉಳಿದಿರದಿದ್ದರೂ ಚಟ್ನಿ ಅವಳ ಕೈಗೆ ಕೊಟ್ಟೇ ಬರುತ್ತೇನೆ.