ಅಪ್ಪನ ಕ್ಯಾಪ್ಸೂಲಿನೊಳಗಿನ ಹಿಟ್ಟು

ಅಕ್ಕಾ,

ಗ್ಯಾರೇಜಿಗೆ ಹೊರಟೆ. ರಾತ್ರಿ ಎಂಟಕ್ಕೆ ಅಪ್ಪನಿಗೆ ಕ್ಯಾಪ್ಸೂಲ್ ಕೊಡು. ಉಬ್ಬಸದ ಹಳೆ ಮಾತ್ರೆಯನ್ನೂ ನಿಲ್ಲಿಸಬೇಡ. ಡಬ್ಬಿಯಲ್ಲಿ ಒಂದು ಕಡಿಮೆಯಿದೆ, ಅವರನ್ನು ಬೈಯಬೇಡ. ಬಿಚ್ಚಿ ನೆಕ್ಕಿ ನೋಡಿದವನು ನಾನು. ಬರೀ ಸಪ್ಪೆ ಹಿಟ್ಟು!

ಆಸ್ಪತ್ರೆಗೆ ಹೋಗಿ ಕೂಗಾಡಿದೆ. "ಇದು ಹೊಸ ಔಷಧದ ಪರೀಕ್ಷೆ ಕಣಪ್ಪಾ. ಅರ್ಧ ಜನಕ್ಕೆ ಔಷಧ, ಹೋಲಿಸಿ ನೋಡೋಕೆ ಅರ್ಧ ಜನಕ್ಕೆ ಹಿಟ್ಟು. ಯಾರಿಗೆ ಯಾವುದು ಅಂತ ನನಗೂ ಗೊತ್ತಿಲ್ಲ, ರುಚಿ ನೋಡಿದರೂ ತಿಳಿಯಲ್ಲ. ನಿಮ್ಮಪ್ಪ ಎಲ್ಲ ಕೇಳಿಕೊಂಡೇ ರುಜು ಹಾಕಿದ್ದಾರೆ" ಅಂದರು ಡಾಕ್ಟರಮ್ಮ.

ಅಪ್ಪನನ್ನು ಕೇಳಿದೆ. "ನೀನು ಹಾರಾಡ್ತೀಯ ಅಂತಲೇ ಹೇಳಲಿಲ್ಲ ಕಣೋ. ನನಗೆ ಉಪಯೋಗ ಆಗದಿದ್ರೆ ಇನ್ಯಾರಿಗಾದ್ರೂ ಆಗುತ್ತೆ ಬಿಡು" ಅಂತ ನಕ್ಕರು. ಮೈಯೆಲ್ಲ ಉರಿಯಿತು. ಇನ್ಯಾರೋ ನನಗೆ ಅಪ್ಪನೇ?

ಇವತ್ತು ಬೆಳಿಗ್ಗೆ ಅಪ್ಪ ಎಲ್ಲೂ ನಿಲ್ಲದೆ ಮೆಟ್ಟಿಲು ಹತ್ತಿಬಿಟ್ಟರು. ಒಳಗಿರೋದು ಔಷಧವೋ ಹಿಟ್ಟೋ ಗೊತ್ತಿಲ್ಲ, ಖುಷಿಪಡೋದಕ್ಕೂ ಹೆದರಿಕೆ ಆಗ್ತಿದೆ ಅಕ್ಕಾ.