ಮುಟ್ಟಲು ಬಿಡದ ಕಬ್ಬಿಣ

ಪೋರ್ಟ್‌ಗಾರ್ವಿ
ಮಂಗಳವಾರ, 14 ನವೆಂಬರ್ 2023

ಪ್ರೀತಿಯ ತಮ್ಮ ವಾಟಿಗೆ ಅಕ್ಕ ಎಪ್ಪಿ ಮಾಡುವ ಆಶೀರ್ವಾದಗಳು.

ನಿನ್ನ ಆರೋಗ್ಯ ಈಗ ಹೇಗಿದೆ? ಎದೆ ಕೊಯ್ದ ಗಾಯ ಮಾಯ್ದಿದೆ, ಆದರೆ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ ಎಂದು ರೋನಾ ಬರೆದಿದ್ದಳು. ಉಪ್ಪು ಕಡಿಮೆ ಮಾಡಿದರೆ ಮುಖ ಊದಿಸಿಕೊಳ್ಳುತ್ತಾನೆ ಎಂಬ ದೂರೂ ಇತ್ತು. ಪಾಪ, ಅವಳಿಗೇನು ಗೊತ್ತು, ಉಪ್ಪು ಸಾಲದ ಓಟ್ಸ್ ಗಂಜಿಯನ್ನು ಅಪ್ಪ ಬಟ್ಟಲು ಸಮೇತ ಬೆಕ್ಕಿನ ಮುಂದೆ ಇಡುತ್ತಿದ್ದ ಮನೆ ನಮ್ಮದು. ಆದರೂ ಹೆಂಡತಿಯ ಮಾತು ಕೇಳು. ನನ್ನ ಮಂಡಿಗಳು ಪೂರ್ತಿ ಕೈಕೊಟ್ಟಿವೆ. ನಾಲ್ಕು ದಿನದಿಂದ ಕಡಲ ಮಂಜು ಕವಿದು ಬಂದರಿನ ಗೋಡೆಯೂ ಕಾಣುತ್ತಿಲ್ಲ. ಕಂಡರೂ ಅಲ್ಲಿ ನೋಡುವಂಥದ್ದೇನಿಲ್ಲ, ಈಗ ಇರುವುದು ಮೋಜಿಗೆ ಬರುವವರ ಬಿಳಿ ದೋಣಿಗಳು ಮಾತ್ರ. ಮೀನನ್ನು ನಾವೂ ಪಟ್ಟಣದ ಅಂಗಡಿಯಿಂದಲೇ ತರುತ್ತೇವೆ. ಈ ಪತ್ರವನ್ನು ನಮ್ಮ ಮನೆಮಾತಿನಲ್ಲಿ ಬರೆಯುತ್ತಿರುವುದನ್ನು ಕಂಡು ನಿನಗೆ ಆಶ್ಚರ್ಯವಾಗಿರಬಹುದು. ನಲವತ್ತೆಂಟು ವರ್ಷ ನಿನಗೆ ಇಂಗ್ಲಿಷಿನಲ್ಲೇ ಬರೆದವಳು ನಾನು, ಅದೂ ಅಲ್ಪವಿರಾಮಕ್ಕೆ ಸಹ ಚ್ಯುತಿ ಬಾರದ ಇಂಗ್ಲಿಷು. ಓದಲು ತಡವರಿಸಿದರೆ ಜೋರಾಗಿ ಓದಿಕೋ. ಕಣ್ಣು ಮರೆತಿದ್ದರೂ ಕಿವಿಗೆ ನೆನಪಿರುತ್ತದೆ.

ಇಲ್ಲಿ ನಮ್ಮದೊಂದು ನುಡಿ ಸಂಘವಿದೆ, ಕ್ರಿಸ್ಮಸ್ ಕಾರ್ಡಿನಲ್ಲಿ ಒಮ್ಮೆ ತಿಳಿಸಿದ್ದೆ. ಒಂಬತ್ತು ವರ್ಷದಿಂದ ಮುದುಕ ಮುದುಕಿಯರ ಮನೆಗೆ ಹೋಗಿ, ಚಹಾ ಕುಡಿದು, ಅವರ ಬಾಯಿಂದ ಬಂದ ಮಾತನ್ನೆಲ್ಲ ಬರೆದುಕೊಂಡಿದ್ದೇವೆ. ಗಾಳಿಗೆ ಹನ್ನೊಂದು ಹೆಸರು, ಹ್ಯಾಡಕ್ ಮೀನಿನ ವಯಸ್ಸಿಗೆ ತಕ್ಕಂತೆ ನಾಲ್ಕು, ಸೋಮಾರಿ ಹೆಂಗಸಿಗಂತೂ ಲೆಕ್ಕವೇ ಇಲ್ಲ, ಸೋಮಾರಿ ಗಂಡಸಿಗೆ ಮಾತ್ರ ಎರಡೇ. ಅದೆಲ್ಲ ಈಗ ಪುಸ್ತಕವಾಗುತ್ತಿದೆ. ಶಾಲೆಯಲ್ಲಿ ವರ್ಷಕ್ಕೊಂದು ವಾರ ಮಕ್ಕಳು ನಮ್ಮ ಮಾತಿನಲ್ಲಿ ಪದ್ಯ ಹೇಳಿ ಪ್ರಮಾಣಪತ್ರ ಪಡೆಯುತ್ತಾರೆ. ಅದೇ ಶಾಲೆಯಲ್ಲಿ ಟೀಚರಾಗಿದ್ದಾಗ ಯಾವ ಮಾತಿಗೆ ನಾನು ಬೆಲ್ಟಿನಿಂದ ಬಾರಿಸುತ್ತಿದ್ದೆನೋ ಅದೇ ಮಾತಿಗೆ ಈಗ ನಾನೇ ಕೈಕುಲುಕಿ ಬಹುಮಾನ ಕೊಡುತ್ತೇನೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ನನ್ನ ಆ ಹಳೆಯ ಬೆಲ್ಟನ್ನೂ ಸಂಘದವರು ಕೇಳಿ ಪಡೆದು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ, ಕೆಳಗೆ ದಾನಿಯ ಹೆಸರಿನ ಚೀಟಿ. ಶನಿವಾರ ಪುಸ್ತಕದ ಬಿಡುಗಡೆ. ಅಂದು ನನಗೆ ನುಡಿಯ ಕಾವಲುಗಾರ್ತಿ ಎಂಬ ಫಲಕ ಕೊಡುತ್ತಾರಂತೆ. ಮಕ್ಕಳೆಲ್ಲ ಚಪ್ಪಾಳೆ ತಟ್ಟುತ್ತಾರೆ. ಅದನ್ನು ನೆನೆದರೆ ಊಟ ಸೇರುವುದಿಲ್ಲ.

ಸಂಘದ ಕಾರ್ಯದರ್ಶಿ ಇಸಾ ಪಿರಿ. ನಿನ್ನ ಪಕ್ಕದ ಮೇಜಿನವಳು, ಮೂಗು ಸದಾ ಸುರಿಯುತ್ತಿದ್ದವಳು, ನೆನಪಿದೆಯಲ್ಲ? ಈಗ ಅವಳಿಗೆ ಆರು ಮೊಮ್ಮಕ್ಕಳು, ಬಾಯಿ ಮಾತ್ರ ಏಳು ವರ್ಷದ್ದೇ. ಹೋದ ಶುಕ್ರವಾರದ ಸಭೆಯಲ್ಲಿ, ಇನ್ನೂ ಅಚ್ಚಿಗೆ ಹೋಗದ ಕಡಲ ಪದಗಳ ಪುಟ ನೋಡುತ್ತಿದ್ದೆವು. ದೋಣಿ ನೀರಿನಲ್ಲಿರುವಾಗ ಮನೆಯಲ್ಲಾಗಲಿ ದೋಣಿಯಲ್ಲಾಗಲಿ ಹೇಳಬಾರದ ಹೆಸರುಗಳು, ಅವುಗಳ ಬದಲಿಗೆ ನಮ್ಮವರು ಹೇಳುವ ಹೆಸರುಗಳು, ಬಾಯಿತಪ್ಪಿ ಹೇಳಿಬಿಟ್ಟರೆ ಆ ಕ್ಷಣವೇ ತಣ್ಣನೆಯ ಕಬ್ಬಿಣ ಮುಟ್ಟಬೇಕೆಂಬ ಕಟ್ಟಳೆ. ಇಸಾ ಕನ್ನಡಕ ಮೇಲೆತ್ತಿ ಹೇಳಿದಳು, "ಮಿಸ್, ಬರೀ ಪಟ್ಟಿ ಹಾಕಿದ್ರೆ ಯಾರ್ ಓದ್ತಾರೆ? ಸ್ವಲ್ಪ ಉಪ್ಪು ಖಾರ ಬೇಕಲ್ವಾ? ನಮ್ಮ ವಾಟಿ ಕಥೆ ಹಾಕೋಣ. ಸ್ಕೂಲಲ್ಲಿ ಆ ಮಾತು ಆಡಿ ಅಪ್ಪನ ದೋಣಿ ಮುಳುಗಿಸ್ದ ಹುಡುಗ ಅಂತ. ಬೇಸಿಗೇಲಿ ಬರೋ ಜನ ಇಂಥದ್ದಕ್ಕೇ ಬಾಯ್ಬಿಡೋದು." ಯಾರೋ ನಿನಗೆ ಬೇಜಾರಾಗುತ್ತದೆ ಎಂದರು. "ಅವ್ನು ಭೂಮಿಯ ಆ ಕಡೆ ಇದಾನೆ, ಅವ್ನಿಗೇನು ಗೊತ್ತಾಗತ್ತೆ," ಎಂದಳು. ಕೆಡುಕು ಬಗೆದು ಹೇಳಿದ್ದಲ್ಲ. ಊರಿಗೆಲ್ಲ ಅದು ಕಥೆಯೇ ಆಗಿಬಿಟ್ಟಿದೆ, ವಾಟಿ. ನನ್ನತ್ತ ತಿರುಗಿ ಹಾಕೋಣವಾ ಎಂದು ಕೇಳಿದರು. ನಾನು ಚಹಾದ ಬಟ್ಟಲನ್ನು ನೋಡುತ್ತ ಕೂತೆ. ಎಪ್ಪತ್ತೊಂಬತ್ತರ ವಯಸ್ಸಿನಲ್ಲೂ ನನ್ನ ಬಾಯಿ ಏಳಲಿಲ್ಲ.

ಆ ಮಧ್ಯಾಹ್ನವನ್ನು ನಿನಗೆ ನಾನು ಹೇಳಬೇಕಿಲ್ಲ, ಆದರೆ ನನ್ನ ಕಡೆಯಿಂದ ಅದು ಹೇಗಿತ್ತು ಎಂಬುದನ್ನು ನೀನು ಒಮ್ಮೆಯಾದರೂ ಕೇಳಬೇಕು. ನನಗೆ ಇಪ್ಪತ್ತೆರಡು, ನಿನಗೆ ಎಂಟು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಊಟದ ಬಿಡುವು ಮುಗಿಯುತ್ತಲೇ ನಗರದಿಂದ ಬಂದ ಇನ್‌ಸ್ಪೆಕ್ಟರು ಹಿಂದಿನ ಬೆಂಚಿನಲ್ಲಿ ಮೊಣಕಾಲ ಮೇಲೆ ಟೋಪಿ ಇಟ್ಟುಕೊಂಡು ಕೂತರು. ತರಗತಿಯಲ್ಲಿ ಚೆನ್ನಾಗಿ ಓದುವವನು ನೀನೇ ಎಂದು ನಿನ್ನನ್ನೇ ಎಬ್ಬಿಸಿದೆ, ಅದೂ ನನ್ನ ಹೆಮ್ಮೆಗೆ. ಹೊಲಮನೆಯ ಪಾಠ. ನೀನು ಕುದುರೆ ಓದಿದೆ, ಹಸು ಓದಿದೆ, ಕೆಸರಲ್ಲಿ ಹೊರಳಿ ಮೂತಿಯಿಂದ ನೆಲ ಕೆದಕುವ ಆ ಪ್ರಾಣಿಯ ಹತ್ತಿರ ನಿಂತೆ. ಆಮೇಲೆ ಮೆಲ್ಲಗೆ, ಕಡಲಿನವರು ಅದರ ಹೆಸರಿನ ಬದಲಿಗೆ ಹೇಳುವಂತೆ, ಗ್ರಂಫಿ ಎಂದೆ. ಪುಸ್ತಕದಲ್ಲಿದ್ದಂತೆ ಓದು ಎಂದೆ ನಾನು. ನೀನು ಇನ್‌ಸ್ಪೆಕ್ಟರ ಎದುರೇ, ಮಿಸ್ ಎನ್ನುವುದನ್ನೂ ಮರೆತು, "ಅಕ್ಕಾ, ಅಪ್ಪ ಕಡಲಲ್ಲಿದಾನೆ," ಎಂದೆ. ನನಗೆ ಮೈಯೆಲ್ಲ ಉರಿದುಹೋಯಿತು. ಈ ಊರಿನ ನಾಲಿಗೆ ನನ್ನ ಮನೆಯದೂ ಹೌದು ಎಂದು ಅವರಿಗೆ ತಿಳಿದುಹೋಯಿತಲ್ಲ ಎಂಬ ನಾಚಿಕೆ, ಅಷ್ಟೇ. ಎರಡು ಏಟು ಕೊಟ್ಟೆ, ಎರಡೂ ಅಂಗೈಗೆ. ಆಗ ನೀನು ಆ ಪದ ಓದಿದೆ. ಸಂಘದ ಪುಸ್ತಕಕ್ಕೆ ಅದನ್ನು ಬರೆದುಕೊಟ್ಟವಳಿಗೂ ನಿನಗೆ ಬರೆಯುವಾಗ ಅದನ್ನು ಬರೆಯಲು ಕೈ ಬರುತ್ತಿಲ್ಲ. ಓದಿದ ಕೂಡಲೇ ಮೇಜಿನ ಕಬ್ಬಿಣದ ಕಾಲಿನ ಕಡೆ ನಿನ್ನ ಕೈ ಹೋಯಿತು, ನಾನು "ಕೈ ತಲೆ ಮೇಲೆ" ಎಂದು ಗದರಿದೆ. ಉಳಿದ ಇಪ್ಪತ್ತಾರು ಮಕ್ಕಳೂ ಒಟ್ಟಿಗೆ ಬಗ್ಗಿ ಕಬ್ಬಿಣ ಮುಟ್ಟಿದರು. ಪೆನ್ಸಿಲ್ ಬಿದ್ದಿರಬೇಕೆಂದು ಇನ್‌ಸ್ಪೆಕ್ಟರು ನಕ್ಕರು. ನೀನೊಬ್ಬ ಗಂಟೆ ಬಾರಿಸುವವರೆಗೂ ತಲೆಯ ಮೇಲೆ ಕೈ ಇಟ್ಟುಕೊಂಡು ನಿಂತಿದ್ದೆ.

ಅಂದು ಸಂಜೆ ಅಪ್ಪನ ದೋಣಿ ರೂಬಿ ಜೇನ್ ಮರಳಿ ಬರಲಿಲ್ಲ. ಐದನೇ ದಿನ ಅಪ್ಪನ ದೇಹ ಸಿಕ್ಕಿತು, ಜೊತೆಗೆ ಹೋಗಿದ್ದ ಜೇಮ್ಸ್ ಚಿಕ್ಕಪ್ಪ ಸಿಗಲೇ ಇಲ್ಲ. ಇಸಾ ತನ್ನ ತಾಯಿಗೆ ಹೇಳಿದಳು, ಆ ತಾಯಿ ನಮ್ಮವ್ವನಿಗೆ ಹೇಳಿದಳು, ವಾಟಿ ಆ ಪದ ಆಡಿದನಂತೆ ಎಂದು. ಬೆಲ್ಟಿನ ಸುದ್ದಿಯನ್ನು ಯಾರೂ ಹೇಳಲಿಲ್ಲ, ಏಟು ದಿನಾ ಬೀಳುತ್ತಿದ್ದದ್ದು, ಅದರಲ್ಲಿ ಹೇಳುವುದೇನು? ಅವ್ವ ನಿನ್ನನ್ನು ಹೊಡೆಯಲಿಲ್ಲ, ಬೈಯಲಿಲ್ಲ. ತಟ್ಟೆಯನ್ನು ನಿನ್ನ ಮುಂದೆ ಇಡುವಾಗ ಗೋಡೆ ನೋಡುತ್ತಿದ್ದಳು. ಅವತ್ತಿನಿಂದ ನಿನ್ನನ್ನು ಪುಟ್ಟಾ ಎಂದು ಕರೆಯಲಿಲ್ಲ. ನೀನು ಮೇಜಿನ ಆಚೆಯಿಂದ ನನ್ನನ್ನೇ ನೋಡುತ್ತಿದ್ದೆ, ನಾನು ಹೇಳಲಿ ಎಂದು. ನಾನು ರೊಟ್ಟಿ ಕತ್ತರಿಸುತ್ತಿದ್ದೆ. ಎಂಟು ವರ್ಷದವನು ನೀನು, ನನ್ನ ಹೆಸರು ಹೇಳಿಬಿಡಬಹುದಿತ್ತು. ಹೇಳಲಿಲ್ಲ. ನೀನು ಊರು ಬಿಟ್ಟು ಹೊರಟ ದಿನ ಸ್ಟೇಷನ್ನಿನಲ್ಲಿ ಚೀಲ ಎತ್ತಿಕೊಂಡು, "ಅಕ್ಕ, ನಾನು ಬಾಯ್ಮುಚ್ಕೊಂಡಿದ್ದಿದ್ರೆ ಅಪ್ಪ ಇರ್ತಿದ್ದ," ಎಂದೆ. ನಮ್ಮ ಮಾತಿನಲ್ಲಿ ನೀನು ನನಗೆ ಹೇಳಿದ ಕೊನೆಯ ಮಾತು ಅದು. ರೈಲು ಬಂತು ನೋಡು ಎಂದೆ ನಾನು. ಅವ್ವ ಸತ್ತಾಗ ನೀನು ಫೋನಿನಲ್ಲಿ ಮಾತಾಡಿದ್ದು ರೇಡಿಯೊದಲ್ಲಿ ವಾರ್ತೆ ಓದುವವರ ಹಾಗಿತ್ತು. ನನ್ನ ಪಾಠ ನಿನಗೊಬ್ಬನಿಗೆ ಪೂರ್ತಿ ಹತ್ತಿತು. ಕಡಲಿನವನ ಮಗ ಹೋಗಿ ಹೋಗಿ ಕಡಲೇ ಕಾಣದ ಕುರಿಗಳ ನಾಡಿನಲ್ಲಿ ಮನೆ ಮಾಡಿದೆ.

ನಿನ್ನೆ ಇಸಾಳ ಮನೆಗೆ ಹೋದೆ, ಈ ಮಂಡಿ ಇಟ್ಟುಕೊಂಡು ಆ ಏರು ಹತ್ತಿ. ಎಲ್ಲ ಹೇಳಿದೆ. ಅವಳು ಕೈಯಲ್ಲಿದ್ದ ಬಟ್ಟಲನ್ನು ಒರೆಸುತ್ತಲೇ ಇದ್ದಳು, ಒಣಗಿದ ಮೇಲೂ. ಆಮೇಲೆ, "ನಾನೂ ಕಬ್ಬಿಣ ಮುಟ್ದೆ ಮಿಸ್. ಅವ್ನೊಬ್ನೇ ಮುಟ್ಲಿಲ್ಲ ಅನ್ನೋದು ನೆನಪಿತ್ತು, ಯಾಕೆ ಅನ್ನೋದು ಮರ್ತೋಗಿತ್ತು," ಎಂದಳು. ತಾನು ಆಗಲೇ ಬರೆದಿಟ್ಟಿದ್ದ ನಿನ್ನ ಕಥೆಯ ಹಾಳೆಯನ್ನು ಅಲ್ಲೇ ಒಲೆಗೆ ಹಾಕಿದಳು. ಆ ಪುಟದಲ್ಲಿ ಈಗ ನನ್ನದೇ ಬರಹ ಇರುತ್ತದೆ, ನಮ್ಮ ಮಾತಿನಲ್ಲೇ, ಟೀಚರು ಮಾಡಿದ್ದೇನೆಂದು, ಟೀಚರ ಹೆಸರು ಸಮೇತ. ಶನಿವಾರ ಅದನ್ನು ಸಭೆಯ ಮುಂದೆ ನಾನೇ ಓದುತ್ತೇನೆ. ಫಲಕ ಬೇಡ ಎಂದೆ. "ಕೆತ್ಸಾಗಿದೆ, ಏನ್ ಮಾಡೋದೀಗ," ಎಂದು ಗೊಣಗಿದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಡದೆ ಇಟ್ಟುಕೊಂಡ ಮಾತೂ ಮನೆ ಒಡೆಯುತ್ತದೆ ಎಂಬುದನ್ನು ಯಾರೂ ನನಗೆ ಹೇಳಿರಲಿಲ್ಲ. ಕ್ಷಮಿಸು ಎಂದು ಕೇಳುವ ಧೈರ್ಯ ನನಗಿಲ್ಲ. ಕೇಳುವ ಹಕ್ಕೂ ಇಲ್ಲ.

ರೋನಾಳಿಗೆ ನನ್ನ ನೆನಪು ತಿಳಿಸು, ಮಕ್ಕಳಿಗೆ ಈ ಅತ್ತೆಯ ಆಶೀರ್ವಾದ. ಮಾತ್ರೆ ತಪ್ಪಿಸಬೇಡ, ಚಳಿಗೆ ಎದೆ ಬಿಟ್ಟುಕೊಂಡು ಓಡಾಡಬೇಡ. ದೇವರು ನಿನ್ನನ್ನು ನನಗಿಂತ ಬಹಳ ಕಾಲ ಇಟ್ಟಿರಲಿ, ಪುಟ್ಟಾ.

ನಿನ್ನ ಅಕ್ಕ,
ಎಪ್ಪಿ

ತಾ.ಕ.: ಅಂಚೆಯ ವ್ಯಾನು ನಾಲ್ಕಕ್ಕೆ ಬರುತ್ತದೆ, ಹತ್ತು ನಿಮಿಷವಿದೆ. ಇದನ್ನು ಮೇಲೆಯೇ ಬರೆಯಬೇಕೆಂದು ಮೂರು ಸಲ ಹಾಳೆ ಬದಲಿಸಿದೆ, ಆಗಲಿಲ್ಲ. ಅಪ್ಪ ಹೋದ ಮರುವರ್ಷ ಮಾರ್ಚಿನಲ್ಲಿ ದೋಣಿ ಮುಳುಗಿದ ತನಿಖೆಯ ವರದಿ ಮನೆಗೆ ಬಂತು. ಕಚೇರಿಯ ಆ ಇಂಗ್ಲಿಷು ಅವ್ವನಿಗೆ ಹತ್ತುತ್ತಿರಲಿಲ್ಲ. "ಓದಿ ನಮ್ಮ ಮಾತಲ್ಲಿ ಹೇಳೇ," ಎಂದಳು. ಎಲ್ಲವನ್ನೂ ಹೇಳಿದೆ, ಒಂದು ವಿಷಯ ಬಿಟ್ಟು. ಬೆಳಿಗ್ಗೆ ಹತ್ತೂವರೆಗೆ ದೀಪಸ್ತಂಭದವನು ರೂಬಿ ಜೇನನ್ನು ಬಂಡೆಗಳ ಹತ್ತಿರ ಕಂಡಿದ್ದ. ಹಿಮದ ಗಾಳಿ ಬೀಸಿ ನಿಂತಾಗ ಅಲ್ಲಿ ದೋಣಿ ಇರಲಿಲ್ಲ, ಆಚೆ ಬದಿಗೆ ದಾಟಿರಬೇಕೆಂದು ಅವನು ಸುಮ್ಮನಾಗಿದ್ದ. ಆಮೇಲೆ ಅವಶೇಷ ಸಿಕ್ಕಿದ್ದು ಅಲ್ಲೇ. ಹನ್ನೊಂದಕ್ಕೆ ಮೊದಲೇ ಮುಳುಗಿದೆ ಎಂದು ವರದಿ ಹೇಳುತ್ತದೆ. ಇದನ್ನು ಹೇಳಿದ್ದರೆ ಅವ್ವ ಕೇಳುತ್ತಿದ್ದಳು, ಹುಡುಗ ಆ ಪದ ಆಡಿದ್ದು ಎಷ್ಟು ಹೊತ್ತಿಗೆ, ಯಾಕೆ ಆಡಿದ ಎಂದು. ಆಗ ನನ್ನ ಹೆಸರು ಬರುತ್ತಿತ್ತು, ಅದಕ್ಕೇ ನುಂಗಿಕೊಂಡೆ. ನೀನು ಓದಿದ್ದು ಎರಡು ಗಂಟೆಗೆ, ವಾಟಿ. ಆಗಲೇ ಅಪ್ಪ ಹೋಗಿ ಮೂರು ತಾಸು ಆಗಿತ್ತು. ಆ ವರದಿಯನ್ನೇ ಇದರೊಳಗೆ ಮಡಚಿಟ್ಟಿದ್ದೇನೆ, ಮೂರನೇ ಪುಟ, ಮೇಲಿನಿಂದ ಆರನೇ ಸಾಲು. ನಾನು ಹೇಳಿದ್ದನ್ನು ನಂಬಬೇಡ, ನೀನೇ ಓದು.