ಐಸಿನಿಂದ ಮೊದಲು ಇಳಿಯುವವನು

ಮಾರ್ಚ್ 3, ಮಂಗಳವಾರ

ಅಕ್ಷರ ಸೊಟ್ಟಗಿದೆ, ಕಾಗುಣಿತವೂ ತಪ್ಪಿರುತ್ತದೆ. ಕ್ಷಮಿಸಬೇಕು. ಯಾರು ಕ್ಷಮಿಸಬೇಕೋ ಗೊತ್ತಿಲ್ಲ, ಇದನ್ನು ಯಾರೂ ಓದುವುದಿಲ್ಲ. ಮೈಸೂರಿನಲ್ಲಿ ಐದನೇ ಕ್ಲಾಸು ಮುಗಿಸಿ ಅಪ್ಪನ ಕೆಲಸದ ಹಿಂದೆ ಇಲ್ಲಿಗೆ, ಸ್ಯಾನ್ ಹೊಸೆಗೆ, ಬಂದೆವು. ನನ್ನ ಕನ್ನಡ ಅಲ್ಲಿಗೇ ನಿಂತಿತು. ಇಂಗ್ಲಿಷ್ ಶಾಲೆಯೂ ನೆಟ್ಟಗೆ ಆಗಲಿಲ್ಲ. ಹದಿನಾರಕ್ಕೆ ಐಸ್ ಹಾಕಿ ಆಟಕ್ಕೆಂದು ಮಿನೆಸೋಟಾಕ್ಕೆ ಹೋದವನು, ಓದಿದ್ದಕ್ಕಿಂತ ಬಸ್ಸಿನಲ್ಲಿ ಮಲಗಿದ್ದೇ ಹೆಚ್ಚು. ಕನ್ನಡದಲ್ಲಿ ಬರೆಯುವುದರಿಂದ ಒಂದು ಅನುಕೂಲವಿದೆ. ಡ್ರೆಸ್ಸಿಂಗ್ ರೂಮಿನ ಬೆಂಚಿನ ಮೇಲೆ ತೆರೆದಿಟ್ಟರೂ ಯಾರಿಗೂ ತಿಳಿಯದು.

ಬೆಳಗಿನ ಸ್ಕೇಟು, ಅಂದರೆ ಐಸಿನ ಮೇಲಿನ ಅಭ್ಯಾಸ, ಮುಗಿಯಿತು. ರೇ ಬಂದು ಸ್ಟಿಕ್ಕಿನಿಂದ ನನ್ನ ಪ್ಯಾಡಿಗೆ ತಟ್ಟಿದ. ರೇ ಅಂದರೆ ಗೋಲ್‌ಕೀಪರ್‌ಗಳ ಕೋಚು. ಅವನು ತಟ್ಟಿದರೆ ಸಂಜೆಯ ಆಟ ನನ್ನದು. ಬಾಯಿಬಿಟ್ಟು ಯಾರೂ ಹೇಳುವುದಿಲ್ಲ. ಆಡುವ ಕೀಪರ್ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಐಸಿನಿಂದ ಇಳಿದು ಒಳಗೆ ಹೋಗುತ್ತಾನೆ. ಇನ್ನೊಬ್ಬ ಉಳಿದು, ಮಿಕ್ಕವರ ಹೊಡೆತಗಳನ್ನೆಲ್ಲ ತಿಂದು ಕೊನೆಗೆ ಬರುತ್ತಾನೆ. ಮೇಲೆ ಕೂತಿರುವ ಪತ್ರಿಕೆಯವರು ಇದನ್ನೇ ಕಾಯುತ್ತಿರುತ್ತಾರೆ. ಯಾರು ಮೊದಲು ಇಳಿದ ಎಂದು ನೋಡಿ ಫೋನಿನಲ್ಲಿ ಸುದ್ದಿ ಹಾಕುತ್ತಾರೆ.

ಇನ್ನೊಬ್ಬ ಅಂದರೆ ಓಲಿ. ಫಿನ್ಲೆಂಡಿನವನು, ನನಗಿಂತ ತುಂಬಾ ದೊಡ್ಡವನು, ಮೂವತ್ತು ದಾಟಿದೆ. ಇಬ್ಬರು ಕೀಪರ್‌ಗಳು, ನೆಟ್ ಒಂದೇ. ಇಳಿಯುವಾಗ ಅವನ ಪ್ಯಾಡಿಗೆ ನನ್ನ ಪ್ಯಾಡು ತಾಗಿಸಿ ಬರುತ್ತೇನೆ. ಮಾತಿಲ್ಲ. ಮಾತಾಡಬೇಕಿಲ್ಲ ಎಂದೇ ಈ ಆಟ ನನಗೆ ಹಿಡಿಸಿದ್ದು. ಮಾಸ್ಕ್ ಹಾಕಿಕೊಂಡರೆ ಮುಖ ಯಾರಿಗೂ ಕಾಣುವುದಿಲ್ಲ.

ಮಾರ್ಚ್ 6, ಶುಕ್ರವಾರ

ಪ್ರಾಕ್ಟೀಸಿನಲ್ಲಿ ನಮ್ಮ ತಂಡದ ಡ್ರೂ ಹೊಡೆದ ಪಕ್, ಆ ಗಟ್ಟಿ ರಬ್ಬರ್ ಬಿಲ್ಲೆ, ನನ್ನ ಮಾಸ್ಕಿಗೆ ಬಂತು. ಎಡಗಣ್ಣಿನ ಪಕ್ಕಕ್ಕೆ. ಹಿತ್ತಾಳೆ ಕೊಡದೊಳಗೆ ತಲೆಯಿಟ್ಟಾಗ ಯಾರೋ ಹೊರಗಿನಿಂದ ಬಡಿದ ಹಾಗೆ. ಮಂಡಿಯ ಮೇಲೆ ಕೂತೆ. ಎದ್ದೆ. ಕೀಪರ್ ಬೇಗ ಏಳಬೇಕು — ನಿಧಾನವಾದರೆ ಎಲ್ಲರೂ ನೋಡುತ್ತಾರೆ.

ನಮ್ಮ ಪೆಟ್ಟುಗಳನ್ನು ನೋಡುವ ಟ್ರೇನರ್ ಡಾನಾ ಬಂದಳು.

"ಇವತ್ತು ಯಾವ ವಾರ?"

"ಶುಕ್ರವಾರ."

"ನಾನು ಯಾರು?"

"ನನಗೆ ಊಟದಲ್ಲಿ ಉಪ್ಪು ಕಡಿಮೆ ಮಾಡಿಸಿದವಳು."

ನಕ್ಕಳು. ತಲೆ ನೋಯುತ್ತಿದೆಯಾ ಅಂದಳು. ಇಲ್ಲ ಅಂದೆ. ನೋಯುತ್ತಿತ್ತು.

ಮಾರ್ಚ್ 7, ಶನಿವಾರ

ನೋವು ಇಲ್ಲ. ದೀಪಗಳು ಸ್ವಲ್ಪ ಜಾಸ್ತಿ ಬೆಳಗುತ್ತಿವೆ, ಅಷ್ಟೇ.

ಮಾರ್ಚ್ 11, ಬುಧವಾರ

ಆಡಿದೆ. ಗೆದ್ದೆವು. ಗೆದ್ದಿದ್ದರಿಂದ ಯಾರೂ ಏನೂ ಕೇಳಲಿಲ್ಲ.

ಎಡಗಡೆಯಿಂದ ಬರುವ ಪಕ್ ದಾರಿಯ ನಡುವೆ ಒಂದು ಕಡೆ ಇರುವುದಿಲ್ಲ. ಅವನ ಸ್ಟಿಕ್ಕಿನ ಮೇಲಿದೆ… ಆಮೇಲೆ ನನ್ನ ಬೆನ್ನ ಹಿಂದೆ ನೆಟ್‌ನಲ್ಲಿದೆ. ನಡುವಿನದು ಯಾರೋ ಕತ್ತರಿಸಿ ತೆಗೆದ ಹಾಗೆ. ಎಡಗಡೆ ಅಂದರೆ ನನ್ನ ಗ್ಲವ್ ಕೈ, ಪಕ್ ಹಿಡಿಯುವ ಕೈ. ಇಷ್ಟು ವರ್ಷ ನನ್ನನ್ನು ಉಳಿಸಿದ್ದು ಆ ಕೈ. ಚಿಕ್ಕವನಿದ್ದಾಗ ಸ್ಯಾನ್ ಹೊಸೆಯ ಐಸ್ ರಿಂಕಿನಲ್ಲಿ ನಿಲ್ಲಲೂ ಬರದೆ ಕಂಬಿ ಹಿಡಿದುಕೊಂಡಿದ್ದವನನ್ನು ನೆಟ್‌ನಲ್ಲಿ ನಿಲ್ಲಿಸಿದ್ದೇ ಅದಕ್ಕೆ. ಮೈಸೂರಿನಲ್ಲಿ ವಿಕೆಟ್ ಹಿಂದೆ ನಿಂತು ಅಭ್ಯಾಸವಾಗಿತ್ತು, ಎಸೆದದ್ದನ್ನೆಲ್ಲ ಹಿಡಿಯುತ್ತಿದ್ದೆ.

ಅಪ್ಪ, ಅಮ್ಮ, ಅಪ್ಪನ ಸ್ನೇಹಿತ ವೆಂಕಟಾಚಲ ಅಂಕಲ್ ಆಟಕ್ಕೆ ಬಂದಿದ್ದರು. ಪಾರ್ಕಿಂಗ್ ಲಾಟಿನಲ್ಲಿ ಅಂಕಲ್ ಎಂದಿನಂತೆ ಶುರು ಮಾಡಿದರು.

"ಅಲ್ವೋ ಪ್ರದ್ಯುಮ್ನ, ಹಾಸಿಗೆ ದಿಂಬೆಲ್ಲ ಮೈಗೆ ಕಟ್ಕೊಂಡು ನಿಂತ್ರೆ ನಾನೂ ತಡೀತೀನಪ್ಪ. ಅದೂ ಒಂದು ಕೆಲಸಾನಾ?"

"ನೀನು ಅಡ್ಡ ಮಲಗಿದ್ರೆ ಸಾಕು ವೆಂಕಟಾಚಲ, ದಿಂಬೂ ಬೇಕಾಗಲ್ಲ," ಅಂದರು ಅಪ್ಪ.

ಎಲ್ಲರೂ ನಕ್ಕರು. ಕಾರು ಹತ್ತುವಾಗ ಅಪ್ಪ ಮೆಲ್ಲಗೆ ಕೇಳಿದರು:

"ಮೂರು ಗೋಲೂ ಎಡಗಡೆಯಿಂದಲೇ ಬಂತಲ್ಲೋ. ಆ ಕಡೆ ನೀನು ಬಿಡೋನೇ ಅಲ್ವಲ್ಲ."

"ಆಗತ್ತೆ ಅಪ್ಪ."

"ಆಗತ್ತೆ, ಆಗತ್ತೆ. ನಾನೇನು ಕೋಚಾ, ಸುಮ್ನೆ ಕೇಳ್ದೆ."

ಮಾರ್ಚ್ 12, ಗುರುವಾರ

ಮೇಲಿನ ತಂಡದ ಕೀಪರಿಗೆ ಮಂಡಿ ಹೋಗಿದೆ. ಈ ಸೀಸನ್ ಇನ್ನು ಆಡುವುದಿಲ್ಲ.

ಕೋಚು ನಮ್ಮಿಬ್ಬರನ್ನೂ ಆಫೀಸಿಗೆ ಕರೆದ. ನಮ್ಮದು ಕೆಳಗಿನ ಲೀಗು. ಮೇಲಿನ ತಂಡಕ್ಕೆ ಆಳು ಬೇಕಾದಾಗ ನಮ್ಮಲ್ಲಿಂದ ಎತ್ತಿಕೊಳ್ಳುತ್ತಾರೆ. ಇಪ್ಪತ್ತೊಂದನೇ ತಾರೀಕು ಶನಿವಾರದ ಆಟ ನೋಡಲು ಅವರ ಮ್ಯಾನೇಜರ್ ಬರುತ್ತಾನಂತೆ. "ಶನಿವಾರ ಆಡೋನು ಚೆನ್ನಾಗಿ ಆಡಿದ್ರೆ ಭಾನುವಾರ ಅವರ ಜೊತೆ ವಿಮಾನ ಹತ್ತುತ್ತಾನೆ. ಈಗಿರೋ ಹಾಗೆ ಪ್ರಾಡ್, ಆಡೋನು ನೀನು." ಇಲ್ಲಿ ನನ್ನ ಹೆಸರು ಅಷ್ಟಕ್ಕೇ ನಿಂತಿದೆ — ಪ್ರಾಡ್.

ಹೊರಗೆ ಬಂದಾಗ ಓಲಿ ಕೈ ಕುಲುಕಿದ. ಅವನು ಮೂರು ದೇಶಗಳಲ್ಲಿ ಆಡಿದ್ದಾನೆ. ಮೇಲಿನ ಲೀಗಿನಲ್ಲಿ ಒಂದು ನಿಮಿಷವೂ ನಿಂತವನಲ್ಲ. ನಾನೂ ಅಲ್ಲ. ಮಿನೆಸೋಟಾದ ಬೇರೆಯವರ ಮನೆಯ ಬೇಸ್‌ಮೆಂಟು, ಆಮೇಲೆ ಹೆಸರು ಕೇಳದ ಊರುಗಳ ಬಸ್ಸು, ಆಮೇಲೆ ಬೆಂಚಿನ ತುದಿಯಲ್ಲಿ ಕೂತು ಬೇರೆಯವರಿಗೆ ಬಾಗಿಲು ತೆಗೆಯುವ ಕೆಲಸ… ಎಲ್ಲ ಈ ಒಂದು ಕರೆಗೆ.

ಡಾನಾಗೆ ಹೇಳಿದರೆ ನಾಳೆಯಿಂದಲೇ ಐಸಿಗೆ ಬಿಡುವುದಿಲ್ಲ. ತಲೆಯ ಪೆಟ್ಟು ಅಂದರೆ ಅವರಿಗೆ ಬೇರೆ ಮಾತಿಲ್ಲ. ಹೇಳುವುದಿಲ್ಲ. ಶನಿವಾರ ಆಗಲಿ.

ಮಾರ್ಚ್ 16, ಸೋಮವಾರ

ಪ್ರಾಕ್ಟೀಸಿನಲ್ಲಿ ಒಂದು ಉಪಾಯ ಕಂಡುಕೊಂಡಿದ್ದೇನೆ. ಎಡಗಡೆ ಇರುವವನು ಹೊಡೆಯುವ ಮೊದಲೇ ಕತ್ತು ಪೂರ್ತಿ ತಿರುಗಿಸಿಬಿಡುವುದು. ಆಗ ಪಕ್ ಎದುರಿಗೆ ಬಂದ ಹಾಗೆ ಆಗುತ್ತದೆ. ಎಷ್ಟೋ ತಡೆದೆ. ರೇ ಏನೂ ಅನ್ನಲಿಲ್ಲ.

ಓಲಿ ಕಾರಿನ ಹತ್ತಿರ ಕಾದಿದ್ದ.

"ಯಾಕೆ ತಲೆ ಅಷ್ಟು ತಿರುಗಿಸ್ತೀಯ?"

"ಕತ್ತು ಹಿಡ್ಕೊಂಡಿದೆ."

"ಹೌದಾ. ನನಗೂ ಒಂದು ವರ್ಷ ಹೀಗೇ ಕತ್ತು ಹಿಡ್ಕೊಂಡಿತ್ತು." ಬ್ಯಾಗನ್ನು ಡಿಕ್ಕಿಗೆ ಹಾಕಿದ. "ಯಾರಿಗೂ ಹೇಳ್ದೆ ಆಡ್ದೆ. ಇನ್ನೊಂದು ಪೆಟ್ಟು ಬಿತ್ತು. ಆ ಚಳಿಗಾಲ ಪೂರ್ತಿ ಪರದೆ ಎಳ್ಕೊಂಡು ಮಲಗಿದ್ದೆ. ಹೆಂಡತಿ ಚಮಚ ಕೆಳಗಿಟ್ಟ ಸದ್ದಿಗೇ ಅಳು ಬರ್ತಿತ್ತು."

ನನ್ನ ಬ್ಯಾಗು ಕೆಳಗಿಟ್ಟೆ.

"ಹೇಳ್ತೀಯಾ ಅವರಿಗೆ?" ಅಂದೆ.

"ಕೀಪರ್ ಮೇಲೆ ಕೀಪರ್ ದೂರು ಹೇಳಲ್ಲ. ನೀನೇ ಹೇಳ್ಬೇಕು. ಇಲ್ಲ ಸುಮ್ನಿರ್ಬೇಕು."

ಅವನು ಒಂದು ಮಾತು ಹೇಳಿದರೆ ಶನಿವಾರ ಅವನದು. ಹೇಳುವುದಿಲ್ಲ. ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಕಾರು ಹಿಂದಕ್ಕೆ ತೆಗೆದು ಹೋದ. ಹೇಳಿಬಿಡಲಿ ಎಂದು ಮನಸ್ಸು ಬಯಸುತ್ತಿದೆ. ಆಗ ಶನಿವಾರವನ್ನು ನಾನೇ ಕೈಯಾರೆ ಬಿಟ್ಟುಕೊಟ್ಟ ಹಾಗೆ ಆಗುವುದಿಲ್ಲ.

ಮಾರ್ಚ್ 19, ಗುರುವಾರ, ಯುಗಾದಿ

ಪ್ರಾಕ್ಟೀಸು ಇಲ್ಲ. ಕ್ಯುಪರ್ಟಿನೋದ ಅಪ್ಪ ಅಮ್ಮನ ಮನೆಗೆ ಹೋಗಿ ಅಲ್ಲಿಂದ ಎಲ್ಲರೂ ಲಿವರ್‌ಮೋರ್ ದೇವಸ್ಥಾನಕ್ಕೆ. ಅಮ್ಮ ನನ್ನ ಹೆಸರಿನಲ್ಲಿ ಅರ್ಚನೆ ಮಾಡಿಸಿದಳು. ಅರ್ಚಕರು ನಕ್ಷತ್ರ ಕೇಳಿದರೆ ಅಮ್ಮ ನಕ್ಷತ್ರ ಹೇಳಿ, "ಶನಿವಾರ ಮ್ಯಾಚಿದೆ," ಎಂದೂ ಸೇರಿಸಿದಳು. ಅವರು ಮಂತ್ರದ ನಡುವೆಯೇ ತಲೆದೂಗಿದರು. ಹೊರಡುವ ಮೊದಲು ಮನೆಯಲ್ಲಿ ಮೂರನೇ ಒಬ್ಬಟ್ಟು ಬೇಡ ಅಂದಿದ್ದಕ್ಕೆ, "ತಿನ್ನೋ, ಮೈ ಬಂದ್ರೆ ನೆಟ್ ಇನ್ನೂ ಚೆನ್ನಾಗಿ ಮುಚ್ಚತ್ತೆ," ಅಂದಿದ್ದಳು.

ವಾಪಸು ಬರುವಾಗ ತಂಗಿ ಶರಣ್ಯಾ ನನ್ನ ಕಾರಿನಲ್ಲಿ ಕೂತಳು. ಅಪ್ಪ ಅಮ್ಮ ಮುಂದೆ ಹೋಗಿದ್ದರು. ಫ್ರೀವೇ 680. ಎಡಗಡೆ ಲೇನಿಗೆ ಹೋಗಬೇಕಿತ್ತು. ಕನ್ನಡಿ ನೋಡಿದೆ, ಪಕ್ಕಕ್ಕೂ ನೋಡಿದೆ. ಖಾಲಿ. ಸ್ಟಿಯರಿಂಗ್ ತಿರುಗಿಸಿದೆ.

ಖಾಲಿ ಇರಲಿಲ್ಲ. ಹಾರ್ನು ಕಿವಿಯೊಳಗೇ ಹೊಡೆದಂತಾಯಿತು. ಶರಣ್ಯಾ ಸ್ಟಿಯರಿಂಗನ್ನು ತನ್ನ ಕಡೆಗೆ ಎಳೆದಳು. ಬಿಳಿ ವ್ಯಾನು, ಹಿಂದಿನ ಕಿಟಕಿಗೆ ಒತ್ತಿಕೊಂಡ ಒಂದು ಮಗುವಿನ ಮುಖ — ದಾಟಿ ಹೋಯಿತು. ಕನ್ನಡಿಗೆ ಕನ್ನಡಿ ತಾಗಿತೋ ಇಲ್ಲವೋ.

ಮುಂದಿನ ಎಗ್ಸಿಟ್ಟಿನಲ್ಲಿ ಇಳಿದು ಹುಲ್ಲಿನ ಗುಡ್ಡದ ಪಕ್ಕ ನಿಲ್ಲಿಸಿದೆ. ಅವಳು ಸೀಟ್ ಬೆಲ್ಟ್ ಬಿಚ್ಚಿ ನನ್ನ ಕಡೆ ತಿರುಗಿದಳು.

"ಡಿಡ್ ಯು ನಾಟ್ ಸೀ ಇಟ್?"

"ನೋಡ್ದೆ. ಇರ್ಲಿಲ್ಲ ಅಲ್ಲಿ."

"ಅಣ್ಣಾ. ಇಟ್ ವಾಸ್ ರೈಟ್ ದೇರ್."

ಎಲ್ಲ ಹೇಳಿದೆ. ಡ್ರೂ ಹೊಡೆದದ್ದು, ಡಾನಾಗೆ ಇಲ್ಲ ಅಂದದ್ದು, ಕತ್ತು ತಿರುಗಿಸುವುದು. ಕೇಳಿ ಕೈಚಾಚಿದಳು.

"ಗಿವ್ ಮಿ ದ ಕೀಸ್."

"ಅಮ್ಮನಿಗೆ ಹೇಳಬೇಡ."

"ಐ ವೋಂಟ್. ಯು ವಿಲ್."

ಮನೆಯವರೆಗೂ ಅವಳೇ ಓಡಿಸಿದಳು. ರೇಡಿಯೋ ಹಾಕಲಿಲ್ಲ. ನಾನು ಪಕ್ಕದ ಸೀಟಿನಲ್ಲಿ ಕೂತು, ಎಡಗಡೆಯಲ್ಲಿ ಅವಳ ಮುಖ ಆಗಾಗ ಮಾಯವಾಗುವುದನ್ನು ನೋಡುತ್ತಿದ್ದೆ.

ಮಾರ್ಚ್ 20, ಶುಕ್ರವಾರ

ಕಾರು ಮುಟ್ಟಲಿಲ್ಲ. ಲೈಟ್ ರೈಲಿನಲ್ಲಿ ಹೋಗಿ ಬಂದೆ.

ಅಪ್ಪ ಫೋನ್ ಮಾಡಿದ್ದರು. ನಾಳೆಗೆ ಎರಡು ಸಾಲು ಪೂರ್ತಿ ನಮ್ಮವರೇ ಅಂತೆ. ವೆಂಕಟಾಚಲ ಅಂಕಲ್ ನನ್ನ ಹೆಸರಿರುವ ಜೆರ್ಸಿ ಕೊಂಡಿದ್ದಾರೆ, ಹೊಟ್ಟೆಯ ಹತ್ತಿರ ಬಿಗಿಯಾಗಿದೆಯಂತೆ.

"ನಾಳೆ ನೀನೇ ತಾನೆ?"

"ಬೆಳಿಗ್ಗೆ ಗೊತ್ತಾಗತ್ತೆ ಅಪ್ಪ."

"ನೀನು ಹಾಕಿ ಆಡ್ತೀನಿ ಅಂದಾಗ ನಾನು ಮೂರು ತಿಂಗಳು ಮಾತು ಬಿಟ್ಟಿದ್ದೆ, ನೆನಪಿದೆಯಾ? ಪೆದ್ದ ನಾನು."

ಆಗಲೇ ಹೇಳಬೇಕಿತ್ತು. ಚೆನ್ನಾಗಿ ನಿದ್ದೆ ಮಾಡು ಅಂದು ಫೋನ್ ಇಟ್ಟರು.

ಕಾಣದ ಪಕ್‌ಗೆ ಹೆದರುವುದಿಲ್ಲ. ಮಾಸ್ಕ್ ಇದೆ, ಪ್ಯಾಡ್ ಇದೆ, ಬಿದ್ದರೆ ನನಗೇ ಬೀಳುತ್ತದೆ. ಇಷ್ಟು ದಿನ ಹೀಗೇ ಅಂದುಕೊಂಡಿದ್ದೆ. ಆ ವ್ಯಾನಿನ ಕಿಟಕಿಗೆ ಮಾಸ್ಕ್ ಇರಲಿಲ್ಲ.

ಮಾರ್ಚ್ 21, ಶನಿವಾರ, ಬೆಳಿಗ್ಗೆ

ಡಾನಾಳ ಕೋಣೆಯ ಹೊರಗೆ ಕುರ್ಚಿಯಲ್ಲಿ ಕೂತು ಬರೆಯುತ್ತಿದ್ದೇನೆ. ಅವಳು ಇನ್ನೂ ಬಂದಿಲ್ಲ. ಮೈಮೇಲೆ ಪ್ಯಾಡ್‌ಗಳು ಹಾಗೇ ಇವೆ, ಬೆವರು ಪುಟದ ಮೇಲೆ ಬೀಳುತ್ತಿದೆ.

ಮ್ಯಾನೇಜರ್ ಮೇಲಿನ ಸಾಲಿನಲ್ಲಿ ಕೂತಿದ್ದ. ಕಪ್ಪು ಕೋಟು. ಸ್ಕೇಟು ಮುಗಿಯುತ್ತಿದ್ದ ಹಾಗೆ ರೇ ಬಂದು ನನ್ನ ಪ್ಯಾಡಿಗೆ ತಟ್ಟಿದ, ಎಂದಿಗಿಂತ ಸ್ವಲ್ಪ ಜೋರಾಗಿ. ಹೋಗಬೇಕಿತ್ತು. ಬಾಗಿಲು ಹತ್ತಿರದಲ್ಲೇ ಇತ್ತು. ಪತ್ರಿಕೆಯವರ ಕೈಯಲ್ಲಿ ಫೋನು.

ಓಲಿ ಬೇರೆ ಕಡೆ ನೋಡುತ್ತಿದ್ದ. ಬೇಕೆಂದೇ. ಅವನ ಹತ್ತಿರ ಹೋದೆ.

"ನೀನು ಇಳಿ."

"ಯೋಚನೆ ಮಾಡಿ ಹೇಳ್ತಿದ್ದೀಯಾ?"

"ಇಳಿ ಓಲಿ. ಮನಸ್ಸು ಬದಲಾಗೋಕೆ ಮುಂಚೆ."

ಅವನು ಧನ್ಯವಾದ ಹೇಳಲಿಲ್ಲ. ಹೇಳಿದ್ದರೆ ಹೊಡೆಯುತ್ತಿದ್ದೆನೇನೋ. ಗ್ಲವ್ ಕೈಯನ್ನು ನನ್ನ ಮಾಸ್ಕಿನ ಮೇಲೆ ಒಂದು ಕ್ಷಣ ಇಟ್ಟು, ಇಳಿದು ಹೋದ. ಮೇಲೆ ಪತ್ರಿಕೆಯವರ ತಲೆಗಳೆಲ್ಲ ಒಟ್ಟಿಗೇ ಫೋನಿನತ್ತ ಬಾಗಿದವು.

ರೇ ಹತ್ತಿರ ಬಂದ. "ಏನಾಗ್ತಿದೆ ಇಲ್ಲಿ?"

"ಎಡಗಡೆ ಸರಿಯಾಗಿ ಕಾಣ್ತಿಲ್ಲ ರೇ. ಆರನೇ ತಾರೀಕಿನಿಂದ."

ಅವನು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. "ಡಾನಾ ಹತ್ರ ಹೋಗು. ಈಗಲೇ," ಅಂದು ಮೇಲಿನ ಸಾಲಿನ ಕಡೆ ತಿರುಗಿದ. ಹುಡುಗರು ಹೊಡೆಯಲು ಸಾಲಾಗಿ ನಿಂತಿದ್ದರು, ಅವರಿಗೆ ಗೊತ್ತಿರಲಿಲ್ಲ. ಖಾಲಿ ನೆಟ್ ನೋಡಿ ಡ್ರೂ ಸ್ಟಿಕ್ಕನ್ನು ಐಸಿಗೆ ಬಡಿದು ಕರೆದ. ಕೈಯಾಡಿಸಿ ಇಲ್ಲ ಅಂದೆ.

ಅಪ್ಪನಿಗೆ ಈಗ ತಾನೇ ಫೋನ್ ಮಾಡಿದೆ.

"ಇವತ್ತು ನಾನಲ್ಲ ಅಪ್ಪ."

"ಸರಿ ಬಿಡು. ಬರ್ತೀವಿ ನಾವು. ಬೆಂಚಲ್ಲಿ ಕೂತಿರ್ತೀಯಲ್ಲ, ಅಷ್ಟು ಸಾಕು."

"ಬೆಂಚಲ್ಲೂ ಇರಲ್ಲ ಅಪ್ಪ. ನೀವು ಬೇಗ ಬರ್ತೀರಾ? ಅಮ್ಮನ್ನೂ ಕರ್ಕೊಂಡು. ಒಂದು ವಿಷಯ ಹೇಳ್ಬೇಕು."

"ಹೊರಟೆ," ಅಂದರು. ಏನು ಎಂದು ಕೇಳಲಿಲ್ಲ. ಕಾರಿನ ಬೀಗದ ಕೈ ಸದ್ದು ಕೇಳಿಸಿತು.

ಕಾರಿಡಾರಿನ ಆ ತುದಿಯಲ್ಲಿ ಡಾನಾ ಬರುತ್ತಿದ್ದಾಳೆ, ಕಾಫಿ ಹಿಡಿದುಕೊಂಡು. ಬಗ್ಗಿ ಸ್ಕೇಟಿನ ಲೇಸು ಬಿಚ್ಚಿದೆ. ಬಲಗಾಲಿನದು ಬೇಗ ಬಂತು. ಎಡಗಾಲಿನದನ್ನು ತಡವಿ ಹುಡುಕಿ ಬಿಚ್ಚಬೇಕಾಯಿತು.